ಗೋಡೆ ಒಡೆದು ವಿಮಾನ ಹೊರತೆಗೆಯುವ ಬಗ್ಗೆ

ಇಂದ:
ಮಂಜರಿ, ದಿ. ತೇಜಸ ಅವರ ಪತ್ನಿ,
ಹಿಂದಿನ ಕೋಣೆ, ಸ್ವಂತ ಮನೆ, ಅಕ್ಕಲಕೋಟ

ಗೆ:
ಕುಮುದಿನಿಯವರು, ಅತ್ತೆ ಹಾಗೂ ನಿವೃತ್ತ ಹೆಡ್ ಕ್ಲಾರ್ಕ್,
ಮುಂದಿನ ಕೋಣೆ, ಅದೇ ಮನೆ

ವಿಷಯ: ಪಡಸಾಲೆಯ ಬೀದಿಕಡೆಯ ಗೋಡೆ ಒಡೆಯಲು ಅನುಮತಿ ಕೋರಿ.

ಉಲ್ಲೇಖ: ಇದೇ ವಿಷಯದ ಮೊದಲ ಅರ್ಜಿ (ಉಲ್ಲೇಖವಿಲ್ಲವೆಂದು ವಾಪಸ್ಸಾದದ್ದು).

ಮಾನ್ಯರೇ,

1. ಸದರಿ ವಿಮಾನವನ್ನು ಅರ್ಜಿದಾರಳ ಪತಿ ತೇಜಸ ಅವರು ಕಿಟ್ ತರಿಸಿ, ಮೂರು ವರ್ಷ ಪಡಸಾಲೆಯಲ್ಲಿಯೇ ಜೋಡಿಸಿದರು. ಸೀಟು ಎರಡು. ರೆಕ್ಕೆಗಳ ಬಟ್ಟೆ ಹೊಲಿದವಳು ಅರ್ಜಿದಾರಳು. ಅವರ ನೋಟುಬುಕ್ಕಿನಲ್ಲಿ ಪ್ರತಿ ಬೋಲ್ಟಿನ ಅಳತೆ ಇದೆ. ಪಡಸಾಲೆಯ ಬಾಗಿಲಿನ ಅಳತೆ ಇಲ್ಲ. ಪರಿಣಾಮವಾಗಿ, ರೆಕ್ಕೆ ಬಿಚ್ಚಿದರೂ ವಿಮಾನದ ಒಡಲು ಬಾಗಿಲಿಗಿಂತ ಒಂದು ಗೇಣು ಅಗಲ.

2. ತೇಜಸ ಆಕಾಶದಿಂದ ಬೀಳುತ್ತಾನೆಂದು ಬಳಗವೆಲ್ಲ ಹೆದರಿತ್ತು. ಅವರು ಚಿಂಚೋಳಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಕೆಲಸ ಮುಗಿಸಿ ಬರುವಾಗ ಸ್ಕೂಟರಿನಿಂದ ಬಿದ್ದು ತೀರಿಕೊಂಡರು. ಸ್ಕೂಟರಿನ ಬಗ್ಗೆ ಈವರೆಗೆ ಯಾರ ಆಕ್ಷೇಪಣೆಯೂ ಬಂದಿಲ್ಲ.

3. ಮೈದುನ ಅಮೋಲ್ ಅವರು ಭಾನುವಾರ ಭಂಗಾರದವನನ್ನು ಕರೆಸಿ ವಿಮಾನವನ್ನು ತುಂಡು ಮಾಡಿಸುವವರಿದ್ದಾರೆ. ತಾವು ತಲೆಯಾಡಿಸಿದಿರಿ. ಮರಾಠಿಯಲ್ಲಿ ಗುಜರಿಗೆ ಹೇಳುವ ಭಂಗಾರ ತಮಗೆ ಕನ್ನಡದ ಬಂಗಾರವೆಂದು ಕೇಳಿಸಿರಬಹುದು. ಆದ್ದರಿಂದ ಆ ಸಮ್ಮತಿ ಊರ್ಜಿತವಲ್ಲ.

4. ಅರ್ಜಿದಾರಳು ಗೋಡೆಯ ವಿಚಾರ ಬಾಯಿಮಾತಿನಲ್ಲಿ ಕೇಳಿದಾಗ ತಾವು, "ಬರದು ಕೊಡು. ವಿದ್ಯಾಪೀಠದಾಗ ಕಲತಾಕಿ, ಒಂದು ಅರ್ಜಿ ಬರೀಲಿಕ್ಕ ಬರಂಗಿಲ್ಲೇನು?" ಎಂದಿರಿ. ಬರೆದು ಕೊಟ್ಟಾಗ ವಾಪಸ್ಸು ಮಾಡಿ, ತೇಜಸ ಅವರ ಹಾರ ಹಾಕಿದ ಫೋಟೊದ ಕಡೆ ನೋಡುತ್ತ, "ಆ ಗ್ವಾಡಿ ಮ್ಯಾಲ ನನ್ನ ಮಗಾ ಅದಾನ. ಗ್ವಾಡಿ ಒಡದ್ರ ಅಂವಾ ಎಲ್ಲಿರಬೇಕು?" ಎಂದಿರಿ.

5. ಮಂಗಳವಾರದಿಂದ ತಮ್ಮ ಕನ್ನಡಕ ಕಾಣೆಯಾಗಿದೆ. ಅಮೋಲ್ ಅವರ ಮೇಲೆ ಅರ್ಜಿದಾರಳಿಗೆ ಸಂಶಯವಿತ್ತು. ಕನ್ನಡಕವಿಲ್ಲದೆ ಯಾವ ಕಾಗದವನ್ನೂ ಓದಲಾಗದೆಂದು ತಾವು ನಿರ್ಣಯವನ್ನು ತಡೆಹಿಡಿದಿದ್ದೀರಿ.

6. ನಿನ್ನೆ ಕಸ ಗುಡಿಸುವಾಗ ಆ ಕನ್ನಡಕ ವಿಮಾನದ ಬಲಗಡೆಯ ಸೀಟಿನಲ್ಲಿ ಸಿಕ್ಕಿತು. ಆ ಸೀಟಿನ ಬೆಲ್ಟನ್ನು ಸಾಕಷ್ಟು ಸಡಿಲಿಸಲಾಗಿತ್ತು. ಎಡಗಡೆ, ತೇಜಸ ಅವರ ಸೀಟಿನ ಮುಂದಿನ ಹಿಡಿಕೆಗೆ ವಿಭೂತಿ ಹಚ್ಚಿತ್ತು; ಮೂರು ಬೆರಳಿನ ಗುರುತು. ಈ ಮನೆಯಲ್ಲಿ ವಿಭೂತಿ ಹಚ್ಚುವವರು ಒಬ್ಬರೇ. ಯಾರು ಕೂತಿದ್ದರೆಂದು ಅರ್ಜಿದಾರಳು ವಿಚಾರಿಸುವುದಿಲ್ಲ.

ಆದ್ದರಿಂದ, ಕ್ರಮಾಂಕ 4ರ "ಅಂವಾ ಎಲ್ಲಿರಬೇಕು?" ಎಂಬ ಪ್ರಶ್ನೆಗೆ ಉತ್ತರ ಅರ್ಜಿದಾರಳಿಗಿಂತ ಮೊದಲೇ ತಮಗೆ ತಿಳಿದಿತ್ತೆಂದು ಭಾವಿಸಿ, ಶನಿವಾರದೊಳಗೆ ಗೋಡೆ ಒಡೆಯಲು ಅನುಮತಿ ನೀಡಬೇಕು. ಫೋಟೊವನ್ನು ಅರ್ಜಿದಾರಳೇ ಇಳಿಸುತ್ತಾಳೆ. ವಿಮಾನವನ್ನು ವಳಸಂಗದಲ್ಲಿ ತೇಜಸ ಅವರ ಗೆಳೆಯ ಯೋಗಿರಾಜರ ಶೆಡ್ಡಿನಲ್ಲಿ ಇಡಲಾಗುವುದು; ಅವರು ಒಪ್ಪಿದ್ದಾರೆ. ಹಾರುವ ಬಗ್ಗೆ ಬೇರೆ ಅರ್ಜಿ ಸಲ್ಲಿಸಲಾಗುವುದು.

ಒಂದೇ ಸೂರಿನಡಿಯ ತಮ್ಮ ವಿಶ್ವಾಸಿ,
ಮಂಜರಿ

ಲಗತ್ತುಗಳು:
1. ತೇಜಸ ಅವರ ನೋಟುಬುಕ್ಕು. ಕೊನೆಯ ಪುಟದಲ್ಲಿ ಬಾಗಿಲಿನ ಅಳತೆ, ಅರ್ಜಿದಾರಳ ಕೈಬರಹದಲ್ಲಿ.
2. ಮತ್ತೆ ಕಟ್ಟುವ ಗೋಡೆಯ ನಕ್ಷೆ. ಫೋಟೊದ ಮೊಳೆಯ ಜಾಗ ಗುರುತಿಸಿದೆ.
3. ಕನ್ನಡಕ, ಒಂದು.

ವಿ.ಸೂ.: ಲಗತ್ತು 3ನ್ನು ಧರಿಸಿದ ಬಳಿಕವೇ ಈ ಅರ್ಜಿಯನ್ನು ಓದಬೇಕಾಗಿ ವಿನಂತಿ.