ನೂರಕ್ಕೆ ಎಂಟಾಣೆ

ನಾಲ್ಕು ವರ್ಷದಿಂದ ನನ್ನ ದುಡ್ಡನ್ನು ಯಾರೋ ತಿನ್ನುತ್ತಿದ್ದರು. ಮುಖ ತೋರಿಸದೆ, ಹೆಸರು ಹೇಳದೆ, ನೂರಕ್ಕೆ ಎಂಟಾಣೆಯಂತೆ ವರ್ಷ ವರ್ಷವೂ ತಿನ್ನುತ್ತಿದ್ದರು. ಎಂಟಾಣೆ ತಾನೇ ಎಂದು ನೀವು ಮೂಗು ಮುರಿಯಬಹುದು. ಏಳು ಲಕ್ಷಕ್ಕೆ ಲೆಕ್ಕ ಹಾಕಿ ನೋಡಿ, ಮೂರೂವರೆ ಸಾವಿರವಾಗುತ್ತದೆ. ಮೂರೂವರೆ ಸಾವಿರಕ್ಕೆ ನಮ್ಮ ಶ್ರೀನಿವಾಸಪುರದಲ್ಲಿ ಏನೇನು ಬರುತ್ತದೆ ಎಂದು ಪಟ್ಟಿ ಮಾಡಲು ಕೂತರೆ ನನಗೆ ಬಿಪಿ ಏರುತ್ತದೆ (ಬಿಪಿ ಮಾತ್ರೆಯೂ ಆ ಪಟ್ಟಿಯಲ್ಲೇ ಇದೆ).

ಕಮಿಷನ್ ಎಂದರೆ ನಮ್ಮ ವಂಶಕ್ಕೇ ಆಗುವುದಿಲ್ಲ. ಒಂದು ವರ್ಷ ಮಾವಿನ ಮಂಡಿಯವನು ನಮ್ಮಪ್ಪನ ಹತ್ತಿರ ನೂರಕ್ಕೆ ಹತ್ತು ಕಮಿಷನ್ ಹಿಡಿದ. ಅದು ಸಾಲದೆ, ಸೂಟು ಅಂತ ತೂಕದಲ್ಲೂ ಒಂದಷ್ಟು ಹಣ್ಣು ಕಳೆದ. ಅಪ್ಪನಿಗೆ ರೇಗಿತು. ಮಾರನೇ ವಾರ ಗಾಡಿ ತುಂಬ ಬಾದಾಮಿ ಮಾವಿನ ಹಣ್ಣು ಹೇರಿಕೊಂಡು, ನಡುವೆ ಯಾವನೂ ಬೇಡ, ತಿನ್ನುವವರಿಗೆ ನಾನೇ ಮಾರುತ್ತೇನೆ ಅಂತ ಸೀದಾ ಮದ್ರಾಸಿಗೆ ಹೊರಟರು. ಮುಳಬಾಗಿಲು ದಾಟುವಷ್ಟರಲ್ಲಿ ಹಣ್ಣು ಮಾಗಿ ಘಮ್ ಅಂದವು. ಪಲಮನೇರು ದಾಟುವಷ್ಟರಲ್ಲಿ ಅಪ್ಪ ಅರ್ಧ ತಿಂದರು. ಚಿತ್ತೂರಿನ ಹತ್ತಿರ ಅಪ್ಪ ಮಲಗಿದ್ದಾಗ ಉಳಿದರ್ಧವನ್ನು ಎತ್ತುಗಳು ತಿಂದವು. ಹದಿಮೂರನೇ ದಿನ ಖಾಲಿ ಗಾಡಿ ವಾಪಸು ಬಂತು. ಅಪ್ಪ ಎದೆಯುಬ್ಬಿಸಿಕೊಂಡು ಇಳಿದು ಹೇಳಿದ ಮೊದಲ ಮಾತು, "ಒಬ್ಬನಿಗೂ ಒಂದು ಕಾಸು ಕಮಿಷನ್ ಕೊಡ್ಲಿಲ್ಲ." (ಮೊಮ್ಮಕ್ಕಳು ಈ ಕಥೆಯನ್ನು ಹನ್ನೊಂದು ಸಲ ಕೇಳಿದ್ದಾರೆ. ಪ್ರತಿ ಸಲವೂ ಗಾಡಿಯಲ್ಲಿ ಹಣ್ಣು ಜಾಸ್ತಿಯಾಗುತ್ತದೆ ಎಂದು ದೂರುತ್ತಾರೆ. ಒಳ್ಳೆಯ ಹಣ್ಣು ಬೆಳೆಯುವುದೇ ಹಾಗೆ.)

ಇಂಥ ಅಪ್ಪನ ಮಗ ನಾನು, ಸುಬ್ಬರಾಯಪ್ಪ. ರೇಷ್ಮೆ ಇಲಾಖೆಯಲ್ಲಿ ಮೂವತ್ತೆರಡು ವರ್ಷ ಹುಳುಗಳಿಗೆ ಹೆದರಿಕೊಂಡು ಕೆಲಸ ಮಾಡಿ ಪಿಂಚಣಿ ತಗೊಳ್ಳುತ್ತಿರುವವನು. ನಾಲ್ಕು ವರ್ಷದ ಹಿಂದೆ ಗೌನಿಪಲ್ಲಿ ಕಡೆ ಇರುವ ನಮ್ಮ ಜಮೀನಿನ ನೀಲಗಿರಿ ಮರ ಕಡಿಸಿದಾಗ ನಾಲ್ಕೂವರೆ ಲಕ್ಷ ಕೈಗೆ ಬಂತು. ನನಗೆ ಮಾಲೂರಿನ ಹತ್ತಿರ ಒಂದು ಸೈಟ್ ಕೊಳ್ಳುವ ಆಸೆ. "ವಿಮಾನ ನಿಲ್ದಾಣಕ್ಕೆ ಇಪ್ಪತ್ತೇ ನಿಮಿಷ" ಎಂದು ಬಣ್ಣದ ಕಾಗದದಲ್ಲಿ ಅಚ್ಚು ಹಾಕಿಸಿದ್ದರು (ವಿಮಾನದಲ್ಲೇ ಹೋದರೆ ನಿಜವಿರಬಹುದು). ನನ್ನ ಹೆಂಡತಿ ಭಾರತಮ್ಮ ಒಪ್ಪಲಿಲ್ಲ. ಅವಳು ಇಪ್ಪತ್ತು ವರ್ಷ ಮನೆ ಮನೆ ತಿರುಗಿ ಅಂಚೆ ಕಚೇರಿಯ ಆರ್.ಡಿ. ಕಟ್ಟಿಸಿಕೊಂಡು ಬರುತ್ತಿದ್ದವಳು. ಮಂಡಿ ನೋವು ಅಂತ ಅದನ್ನು ನಿಲ್ಲಿಸಿದ್ದರೂ ದುಡ್ಡಿನ ವಿಷಯದಲ್ಲಿ ನನಗಿಂತ ಎರಡು ಕ್ಲಾಸ್ ಜಾಸ್ತಿ ಓದಿದವಳ ಹಾಗೆ ಮಾತಾಡುತ್ತಾಳೆ.

"ಇಂಡೆಕ್ಸ್ ಫಂಡ್ ಅಂತ ಇದೆ. ದೇಶದ ಐವತ್ತು ದೊಡ್ಡ ಕಂಪನಿ, ಎಲ್ಲದರಲ್ಲೂ ಇಷ್ಟಿಷ್ಟು ನಮ್ದು. ಯಾವುದು ಗೆಲ್ಲುತ್ತೆ ಅಂತ ತಲೆ ಕೆಡಿಸ್ಕೊಳ್ಳೋ ಹಾಗಿಲ್ಲ, ಆರಿಸಿ ಕೊಡೋರಿಗೆ ದೊಡ್ಡ ಸಂಬಳ ಕೊಡೋ ಹಾಗಿಲ್ಲ. ಖರ್ಚು ಕಮ್ಮಿ. ಪೆನ್ಸಿಲ್ ಗುರುತು ಹಾಕಿದೀನಿ, ಅಲ್ಲೆಲ್ಲ ಸೈನ್ ಹಾಕಿ" ಅಂದಳು. ಹಾಕಿದೆ. ನಲವತ್ತಾರು ವರ್ಷದಿಂದ ಅವಳು ಪೆನ್ಸಿಲ್ ಗುರುತು ಹಾಕಿದಲ್ಲೆಲ್ಲ ನಾನು ಸೈನ್ ಹಾಕುತ್ತಿದ್ದೇನೆ.

ನಾಲ್ಕೂವರೆ ಏಳಾಯಿತು. ಊರಲ್ಲೆಲ್ಲ ಅದು ನನ್ನ ಬುದ್ಧಿವಂತಿಕೆ ಎಂದು ನಾನು ಹೇಳಿಕೊಂಡು ತಿರುಗಿದೆ. ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಸೈನ್ ನನ್ನದೇ ಅಲ್ಲವೇ?

ಹೀಗಿರುವಾಗ ಹೋದ ತಿಂಗಳು ಪಿಂಚಣಿದಾರರ ಸಂಘದ ಹಾಲ್‌ನಲ್ಲಿ ಹೂಡಿಕೆ ತಿಳುವಳಿಕೆ ಕಾರ್ಯಕ್ರಮ ಇಟ್ಟಿದ್ದರು. ನಾನೂ ನನ್ನ ಸ್ನೇಹಿತ ಕದಿರಪ್ಪನೂ ಉಪ್ಪಿಟ್ಟಿಗಾಗಿ ಹೋಗಿದ್ದೆವು. ಕದಿರಪ್ಪ ನಿವೃತ್ತ ಲೈನ್‌ಮ್ಯಾನ್, ಕಂಬ ಹತ್ತಿ ಹತ್ತಿ ಯಾವ ಮಾತಿಗೂ ಗಾಬರಿಯಾಗದ ಮನುಷ್ಯ. ಬೆಂಗಳೂರಿಂದ ಬಂದಿದ್ದ ಭಾಷಣಕಾರರು ಹೇಳಿದರು: ಒಂದೇ ಫಂಡಿನಲ್ಲಿ ಎರಡು ಬಾಗಿಲಿರುತ್ತವೆ. ನೀವೇ ನೇರವಾಗಿ ಹೋದರೆ ಡೈರೆಕ್ಟ್. ಏಜೆಂಟರ ಮೂಲಕ ಹೋದರೆ ರೆಗ್ಯುಲರ್, ಅದರಲ್ಲಿ ಪ್ರತಿ ವರ್ಷವೂ ಅವರಿಗೆ ಕಮಿಷನ್ ಹೋಗುತ್ತದೆ.

ಉಪ್ಪಿಟ್ಟಿನ ತಟ್ಟೆ ಅರ್ಧಕ್ಕೇ ಬಿಟ್ಟೆ. ಮನೆಗೆ ಓಡಿ, ಅಂಚೆಯಲ್ಲಿ ಬಂದಿದ್ದ ಕಾಗದ ತೆಗೆದು ನೋಡಿದೆ. ರೆಗ್ಯುಲರ್. ಪಕ್ಕದಲ್ಲಿ ಏಜೆಂಟ್ ಎಂದು ಒಂದು ನಂಬರು. ಹೆಸರಿಲ್ಲ, ಬರೀ ನಂಬರು, ಜೈಲಿನಲ್ಲಿ ಕೊಡುತ್ತಾರಲ್ಲ, ಹಾಗೆ.

ಮೂರು ದಿನ ಬಸ್ ಸ್ಟ್ಯಾಂಡ್ ಟೀ ಅಂಗಡಿಯಲ್ಲಿ ಆ ನಂಬರಿಗೆ ಸಹಸ್ರನಾಮಾರ್ಚನೆ ಮಾಡಿದೆ.

"ತಿಗಣೆ ಕಣೋ ಕದಿರಪ್ಪ. ಮಲಗಿರೋ ಮನುಷ್ಯನ ರಕ್ತ ಹೀರೋ ತಿಗಣೆ."

"ಊರ್ಕೋ ಅಣ್ಣಾ, ಸುಮ್ನಿರು, ತಿಗಣೆ ಗಿಗಣೆ ಅನ್ಬೇಡ."

"ಯಾಕೆ, ನಿನಗೇನು ನೆಂಟನಾ?"

"ನನಗಲ್ಲ ಬಿಡು" ಎಂದು ಅವನು ಟೀಯೊಳಗೆ ಮುಖ ಹುದುಗಿಸಿದ. ನಾನು ಅದನ್ನು ವಿನಯ ಅಂದುಕೊಂಡೆ.

ಮನೆಯಲ್ಲೂ ಯುದ್ಧ ಘೋಷಿಸಿದೆ. ಭಾರತಮ್ಮ ಅವರೆಕಾಯಿ ಸುಲಿಯುತ್ತಿದ್ದಳು.

"ಯಾರೋ ಪಾಪ, ಫಾರಂ ತುಂಬಿ, ಓಡಾಡಿ, ಕೆಲಸ ಮಾಡಿರ್ತಾರೆ ಅಲ್ವಾ?" ಅಂದಳು.

"ಏನು ಕೆಲಸ? ಒಂದು ದಿನ ಈ ಮನೆ ಹೊಸಲು ತುಳಿದಿದಾನಾ ಅವನು?"

"ಅವನೇ ಅಂತ ಯಾಕಂತೀರಿ?"

"ಅವಳಾದ್ರೂ ಅಷ್ಟೇ. ನಾಳೆನೇ ಕೋಲಾರಕ್ಕೆ ಹೋಗಿ ಅಷ್ಟನ್ನೂ ಡೈರೆಕ್ಟ್‌ಗೆ ಹಾಕಿಸ್ತೀನಿ."

ಅವಳ ಕೈ ನಿಂತಿತು. "ಅಷ್ಟೂ ಒಂದೇ ಸಲ ಮಾಡ್ಬೇಡಿ. ಒಂದ್ನಿಮಿಷ ಕೂತ್ಕೊಳ್ಳಿ, ಒಂದು ವಿಷಯ ಹೇಳ್ತೀನಿ."

"ಕೂರೋ ವಂಶ ಅಲ್ಲ ನಮ್ದು" ಎಂದು ಮಲಗಲು ಹೋದೆ.

ಮಾರನೇ ದಿನ ಬೆಳಗ್ಗೆ ಎಂಟರ ಬಸ್ಸಿಗೆ ಕೋಲಾರ. ಫಂಡಿನವರ ಕಾಗದಪತ್ರ ತಗೊಳ್ಳುವ ಒಂದು ಕಚೇರಿ ಇದೆ. ಕೌಂಟರಿನ ಹುಡುಗಿ ಮರ್ಯಾದಸ್ಥಳು. "ಸಾರ್, ಇದಕ್ಕೆ ಮಾರಿ ಮತ್ತೆ ಕೊಂಡ ಹಾಗೆ ಲೆಕ್ಕ ಹಿಡೀತಾರೆ. ಏಜೆಂಟ್ ಹತ್ರ ಒಂದು ಮಾತು ಕೇಳಿದ್ರಾ?" ಅಂದಳು. ಕಳ್ಳನ ಹತ್ತಿರ ಬೀಗ ಹಾಕಲೇ ಎಂದು ಕೇಳುತ್ತಾರೆಯೇ? "ಹೊಡೀಮ್ಮ ಸೀಲು" ಅಂದೆ. ಹೊಡೆದಳು.

ಸೀಲು ಬಿದ್ದ ಮೇಲೆ ಎದೆ ಹಗುರಾಯಿತು. ಹೊರಡುವ ಮುಂಚೆ ಶತ್ರುವಿನ ಹೆಸರಾದರೂ ತಿಳಿದುಕೊಂಡು ಹೋಗೋಣ ಎಂದು ನಂಬರು ತೋರಿಸಿದೆ. ಅವಳು ಕಂಪ್ಯೂಟರಿನಲ್ಲಿ ಒತ್ತಿ ನೋಡಿ ಓದಿದಳು.

"ಭಾರತಮ್ಮ ಅಂತ ಸಾರ್. ಶ್ರೀನಿವಾಸಪುರ."

ಭಾರತಮ್ಮ ಎನ್ನುವ ಹೆಸರು ನಮ್ಮ ಕಡೆ ಬೀದಿಗೆ ಮೂರು ಸಿಗುತ್ತವೆ, ಹಾಗಾಗಿ ನಾನು ವಿಚಲಿತನಾಗಲಿಲ್ಲ. ಬೀದಿಯ ಹೆಸರು ಹೇಳಿದಳು, ನಮ್ಮದೇ. ನಮ್ಮ ಬೀದಿಗೇ ಇನ್ನೊಬ್ಬಳು ಭಾರತಮ್ಮ ಬಂದು ಸೇರಿಕೊಂಡಿದ್ದಾಳಲ್ಲ ಎಂದು ಸಿಟ್ಟು ಬಂತು. ಮನೆ ನಂಬರು ಹೇಳಿದಳು. ನಮ್ಮ ಮನೆಯಲ್ಲೇ ಬಾಡಿಗೆಗಿದ್ದಾಳೆಯೇ ಎಂದು ಅರ್ಧ ನಿಮಿಷ ಯೋಚಿಸಿದೆ. ಆಮೇಲೆ ಕುರ್ಚಿ ಕೇಳಿ ಕೂತೆ.

ವಾಪಸು ಬಂದಾಗ ಮಧ್ಯಾಹ್ನ ಮೂರು ಗಂಟೆ, ಗುರುವಾರ. ಗುರುವಾರ ಮಧ್ಯಾಹ್ನ ನಮ್ಮ ಮನೆಯಲ್ಲಿ ಭಜನೆ ಇರುತ್ತದೆ ಎಂದು ನಾಲ್ಕು ವರ್ಷದಿಂದ ಕೇಳಿದ್ದೇನೆ, ನೋಡಿರಲಿಲ್ಲ. ಎರಡರಿಂದ ನಾಲ್ಕೂವರೆ ನನ್ನ ನಿದ್ದೆಯ ಹೊತ್ತು. ತಾಳದ ಸದ್ದೇ ಇಲ್ಲವಲ್ಲ ಎಂದು ಒಮ್ಮೆ ಕೇಳಿದ್ದಕ್ಕೆ "ಮೌನ ಭಜನೆ" ಅಂದಿದ್ದಳು. ಈಗ ನೋಡಿದರೆ ಹಾಲ್‌ನಲ್ಲಿ ಹನ್ನೆರಡು ಜನ, ಎಲ್ಲರ ಕೈಯಲ್ಲೂ ಬ್ಯಾಂಕ್ ಪಾಸ್‌ಬುಕ್ಕು. ಬಿಸಿಯೂಟದ ಅಡುಗೆಯಿಂದ ನಿವೃತ್ತಳಾದ ರಾಮಲಕ್ಷ್ಮಮ್ಮ ಪೆನ್ಸಿಲ್ ಗುರುತಿನ ಮೇಲೆ ಸೈನ್ ಹಾಕುತ್ತಿದ್ದಾಳೆ. ಮೂಲೆಯ ಬೆತ್ತದ ಸ್ಟೂಲಿನ ಮೇಲೆ ಕೂತು ಕೋಡುಬಳೆ ಕಡಿಯುತ್ತಿದ್ದವನು ಕದಿರಪ್ಪ.

"ನೀನೂನಾ?" ಅಂದೆ.

"ಮೂರು ವರ್ಷ ಆಯ್ತಣ್ಣಾ. ತಿಂಗಳಿಗೆ ಸಾವಿರ ಹಾಕ್ತೀನಿ."

"ನನಗೆ ಒಂದು ಮಾತು ಹೇಳೋಕೇನಾಗಿತ್ತೋ?"

"ತಿಗಣೆ ಅನ್ಬೇಡ ಅಂತ ಹೇಳ್ದೆ ಅಲ್ವಾ."

ಭಾರತಮ್ಮ ಕನ್ನಡಕ ತೆಗೆದು ಫೈಲಿನ ಮೇಲಿಟ್ಟಳು. "ಬಂದ್ರಾ? ಎಷ್ಟು ಬದಲಾಯಿಸಿದ್ರಿ?"

"ಅದಿರ್ಲಿ. ನೀನು ಏಜೆಂಟು ಅಂತ ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಸೈನ್ ಹಾಕ್ತಿದ್ರಾ? ಗಾಡಿ, ಎತ್ತು, ಮದ್ರಾಸು ಅಂತ ಶುರು ಮಾಡ್ತಿದ್ರಿ. ಆ ದುಡ್ಡು ಇಷ್ಟೊತ್ತಿಗೆ ಮಾಲೂರಿನ ಸೈಟಲ್ಲಿ ಹುಲ್ಲು ಬೆಳೀತಿತ್ತು. ಎಷ್ಟು ಬದಲಾಯಿಸಿದ್ರಿ ಅಂದೆ."

"ಅಷ್ಟೂ" ಅಂದೆ. ಹೇಳುವಾಗ ಹೆಮ್ಮೆಯಿಂದಲೇ ಹೇಳಿದೆ.

ಹನ್ನೆರಡು ಜನವೂ ಒಟ್ಟಿಗೆ "ಅಯ್ಯೋ" ಅಂದರು. ನಿಜವಾದ ಭಜನೆಯಲ್ಲೂ ಅಷ್ಟು ಒಗ್ಗಟ್ಟು ಇರುವುದಿಲ್ಲ.

"ಎರಡೂವರೆ ಲಕ್ಷ ಲಾಭ ಒಂದೇ ಸಲ ತೋರಿಸಿದ್ರಿ. ವರ್ಷಕ್ಕೆ ಒಂದೂಕಾಲು ಲಕ್ಷದವರೆಗೆ ಟ್ಯಾಕ್ಸಿಲ್ಲ, ಮಿಕ್ಕಿದ್ದಕ್ಕೆ ಇದೆ. ಪಿಂಚಣಿ ಬರೋರು ನೀವು, ತಪ್ಪಿಸ್ಕೊಳ್ಳೋ ಹಾಗಿಲ್ಲ. ಹದಿನಾರು ಸಾವಿರದ ಇನ್ನೂರೈವತ್ತು ಕಟ್ಟಬೇಕು. ಈ ಮಾರ್ಚಲ್ಲಿ ಅರ್ಧ, ಏಪ್ರಿಲಲ್ಲಿ ಅರ್ಧ ಮಾಡಿದ್ರೆ ಒಂದು ಪೈಸೆ ಇರ್ಲಿಲ್ಲ. ಡೈರೆಕ್ಟೇ ಬೇಕು ಅಂದಿದ್ರೆ ನಾನೇ ಹಾಗೆ ಮಾಡಿ ಕೊಡ್ತಿದ್ದೆ. ಅದನ್ನ ಹೇಳೋಕೇ ಕೂತ್ಕೊಳ್ಳಿ ಅಂದಿದ್ದು."

ಲೆಕ್ಕ ಹಾಕಿದೆ. ವರ್ಷಕ್ಕೆ ಮೂರೂವರೆ ಸಾವಿರ ಉಳಿಸಲು ಹದಿನಾರು ಸಾವಿರ. ಲಾಭ ಕಣ್ಣಿಗೆ ಕಾಣಬೇಕಾದರೆ ನಾನು ಇನ್ನೂ ಐದು ವರ್ಷ ಗಟ್ಟಿಯಾಗಿರಬೇಕು. ಆದರೂ ಸೋಲೊಪ್ಪಲಿಲ್ಲ.

"ಮತ್ತೆ ನಾಲ್ಕು ವರ್ಷದಿಂದ ನನ್ನ ಎಂಟಾಣೆ ತಿಂದೆಯಲ್ಲ, ಅದೆಲ್ಲಿ ಹೋಯ್ತು?"

"ನಿಮ್ಮ ಬಾಯಲ್ಲಿದೆ."

ಅರ್ಥವಾಗಲಿಲ್ಲ.

"ಹೋದ ವರ್ಷ ಹಲ್ಲಿನ ಸೆಟ್ಟು ಕಟ್ಟಿಸಿದ್ನಲ್ಲ, ಹನ್ನೆರಡು ಸಾವಿರ. ಎಲ್ಲಿಂದ ಬಂತು ಅಂತ ಕೇಳಿದ್ರಾ?"

ಮೂರು ದಿನ ಟೀ ಅಂಗಡಿಯಲ್ಲಿ ನಾನು ಯಾವ ಹಲ್ಲು ಕಡಿದು ಬೈದಿದ್ದೆನೋ ಅದು ಕಮಿಷನ್ನಿನ ಹಲ್ಲು. ತೆಗೆದು ಮೇಜಿನ ಮೇಲೆ ಇಟ್ಟುಬಿಡೋಣ ಎನಿಸಿತು. ಆದರೆ ಕೋಡುಬಳೆ ಇನ್ನೂ ಮಿಕ್ಕಿತ್ತು.

ಅವತ್ತಿಂದ ಭಾರತಮ್ಮ ಒಂದು ವ್ರತ ಹಿಡಿದಳು. ಊಟಕ್ಕೆ ಕರೆಯುತ್ತಾಳೆ, ಮಾತ್ರೆ ನೆನಪಿಸುತ್ತಾಳೆ, ಮೊಮ್ಮಕ್ಕಳ ಸುದ್ದಿ ಹೇಳುತ್ತಾಳೆ. ಫಂಡಿನ ಮಾತೆತ್ತಿದರೆ ಮಾತ್ರ, "ನೀವು ಡೈರೆಕ್ಟ್ ಗಿರಾಕಿ. ತಿಗಣೆ ಹತ್ರ ಯಾಕೆ ಕೇಳ್ತೀರಿ?" ಎಂದು ಒಳಗೆ ಹೋಗುತ್ತಾಳೆ. ಹೋಗಲಿ, ಏಳು ಲಕ್ಷ ಇರುವವನಿಗೆ ಯಾರ ಹಂಗು ಅಂದುಕೊಂಡೆ.

ಎರಡು ವಾರಕ್ಕೆ ಮಾರ್ಕೆಟ್ ಬಿತ್ತು. ಸ್ವಲ್ಪವಲ್ಲ, ನನ್ನ ಏಳು ಲಕ್ಷದಲ್ಲಿ ಐವತ್ತಾರು ಸಾವಿರ ಕರಗಿತು. ನನ್ನ ಫೋನಿನಲ್ಲಿ ಬೆಳಗ್ಗೆ ಒಂದು ಅಂಕಿ, ಮಧ್ಯಾಹ್ನ ಅದಕ್ಕಿಂತ ಕಮ್ಮಿ, ಎಲ್ಲವೂ ಕೆಂಪು. ರೇಷ್ಮೆ ಹುಳುವಿಗೆ ರೋಗ ಬಂದಾಗಲೂ ನಾನು ಹಾಗೆ ಒದ್ದಾಡಿರಲಿಲ್ಲ. ಎಲ್ಲ ತೆಗೆದುಬಿಡಲೇ, ಇರಲೇ? ಗುರುವಾರದ ಹನ್ನೆರಡು ಜನ ಫೋನ್ ಮಾಡುತ್ತಿದ್ದರು, ಭಾರತಮ್ಮ ಒಬ್ಬೊಬ್ಬರಿಗೂ ಕಾಲು ಕಾಲು ಗಂಟೆ ಸಮಾಧಾನ ಹೇಳುತ್ತಿದ್ದಳು. ನಾನು ಅಡುಗೆಮನೆಯ ಬಾಗಿಲಿಗೆ ಕಿವಿ ಇಟ್ಟರೆ ಬಾಗಿಲು ಹಾಕುತ್ತಿದ್ದಳು.

ಮೂರನೇ ದಿನ ತಡೆಯಲಾರದೆ ಕದಿರಪ್ಪನ ಮನೆಗೆ ಹೋದೆ. ಅವನು ತನ್ನ ಫೋನಿನಿಂದ ಕರೆ ಮಾಡಿ ಸ್ಪೀಕರ್ ಹಾಕಿದ.

"ಅತ್ತಿಗೆ, ನಮ್ಮ ಕಡೆಯವರೊಬ್ರು ಡೈರೆಕ್ಟಲ್ಲಿ ಹಾಕವ್ರೆ. ಬಿದ್ದೋಗೈತೆ, ತೆಗೆದ್ಬಿಡ್ಲಾ ಅಂತಾವ್ರೆ."

"ವಯಸ್ಸೆಷ್ಟು?"

"ಎಪ್ಪತ್ತೊಂದು."

"ದುಡ್ಡು ಈಗ್ಲೇ ಏನಕ್ಕಾದ್ರೂ ಬೇಕಾ?"

ಅವನು ನನ್ನ ಮುಖ ನೋಡಿದ. ನಾನು ಬೇಡ ಎಂದು ತಲೆಯಾಡಿಸಿದೆ.

"ಬೇಡ್ವಂತೆ. ಆದ್ರೆ ನಿದ್ದೆ ಬರಲ್ವಂತೆ ಅತ್ತಿಗೆ."

"ಸುಳ್ಳು. ರಾತ್ರಿಯೆಲ್ಲ ಗೊರಕೆ ಹೊಡೀತಾರೆ. ಇದುವರೆಗೆ ಎಷ್ಟೋ ಸಲ ಬಿದ್ದು ಎದ್ದಿದೆ, ಮುಂದೆ ಏನಾಗುತ್ತೆ ಅಂತ ನನಗೂ ಗೊತ್ತಿಲ್ಲ. ಈಗ ಬೇಕಿಲ್ಲದ ದುಡ್ಡನ್ನ ಹೆದರ್ಕೊಂಡು ತೆಗೀಬಾರ್ದು ಅಷ್ಟೇ. ಫೋನಲ್ಲಿ ದಿನಾ ನೋಡೋದು ಬಿಡೋಕೆ ಹೇಳು. ಊಟಕ್ಕೆ ಹುರುಳಿ ಬಸ್ಸಾರು ಮಾಡಿದೀನಿ ಅಂತಾನೂ ಹೇಳು."

ಜೀವ ಬಂತು. ಎದ್ದು ಹೊರಟೆ. ಕದಿರಪ್ಪನೂ ಚಪ್ಪಲಿ ಮೆಟ್ಟಿಕೊಂಡ.

"ನೀನೆಲ್ಲಿಗೋ?"

"ಹೋಟ್ಲಿಗೆ ಅಣ್ಣಾ. ಮಧ್ಯದಲ್ಲಿ ನಿಂತು ಮಾತಾಡಿಸಿದ್ನಲ್ಲ, ಒಂದು ಮಸಾಲೆ ದೋಸೆ ಆದ್ರೂ ಬೇಡ್ವಾ?"

ಕೊಡಿಸಿದೆ. ಒಂದೇ ಸೂರಿನಡಿ ಇರುವ ನನ್ನ ಸ್ವಂತ ಹೆಂಡತಿಯನ್ನು ಮಾತಾಡಿಸಿದ್ದಕ್ಕೆ. ಮುಂದಿನ ವಾರ ಮತ್ತೆ ಬಿತ್ತು, ದೋಸೆಯ ಜೊತೆ ಕಾಫಿ ಸೇರಿತು. ಮೊನ್ನೆ ಮೂರನೇ ಸಲ, ಅವನು ತಿಂದು ಕೈ ತೊಳೆದು ಬಂದು ಮಾಣಿಗೆ, "ಒಂದು ಪಾರ್ಸಲ್, ಆಲೂಗೆಡ್ಡೆ ಪಲ್ಯ ಜಾಸ್ತಿ ಹಾಕು" ಅಂದ.

"ನಿನ್ನ ಹೆಂಡ್ತಿಗೇನೋ?" ಅಂದೆ.

"ಅಲ್ಲ ಅಣ್ಣಾ, ಅತ್ತಿಗೆಗೆ. ಅರ್ಧ ಅರ್ಧ ಅಂತ ಮಾತಾಗೈತೆ."

ದುಡ್ಡು ಕೊಟ್ಟವನೂ ನಾನೇ, ತಣ್ಣಗಾಗುವುದರೊಳಗೆ ಮನೆಗೆ ಹೊತ್ತುಕೊಂಡು ಓಡಿದವನೂ ನಾನೇ.