ಇಂಕಾ ಪಾಠಕ್ಕೆ ಮುಯ್ಯಾಳು

ಹಟ ನನ್ನ ಹುಟ್ಟುಗುಣ. ಬುದ್ಧಿ ಕೊಡುವಾಗ ಕೈ ಬಿಗಿ ಹಿಡಿದ ದೇವರು ಇದನ್ನಾದರೂ ಧಾರಾಳವಾಗಿ ಕೊಟ್ಟ ಎಂದು ನನ್ನ ಹೆಂಡತಿ ಆಗಾಗ ಹೇಳುತ್ತಾಳೆ. ಯುದ್ಧದ ದಿನಗಳಲ್ಲಿ ನಾನು ದೊಡ್ಡಬಳ್ಳಾಪುರದ ಕಡೆಯ ಒಂದು ಶಾಲೆಯಲ್ಲಿ ಚರಿತ್ರೆಯ ಮೇಷ್ಟ್ರಾಗಿದ್ದೆ. ಸೀಮೆಎಣ್ಣೆಗೂ ಪರದಾಟ, ಸೀಮೆಸುಣ್ಣಕ್ಕೂ ಪರದಾಟ. ಇಂಥದರಲ್ಲಿ ನಾನು ಪೆರು ದೇಶದ ಇಂಕಾ ಜನ ಏನುಣ್ಣುತ್ತಿದ್ದರು, ಹೇಗೆ ಬಾಳುತ್ತಿದ್ದರು ಎಂಬುದನ್ನು ಹದಿನಾಲ್ಕು ಹದಿನೈದರ ಹುಡುಗರ ತಲೆಗೆ ಇಳಿಸಿಯೇ ಸೈ ಎಂದು ಹೊರಟೆ. ಮುಖ್ಯೋಪಾಧ್ಯಾಯರಿಗೆ ಇದು ಶುದ್ಧ ದಂಡದ ಕೆಲಸ. ತರಗತಿ ತುಂಬಿದ್ದರೆ ನಡೆಸಿ, ಇಲ್ಲದಿದ್ದರೆ ಆ ಪೀರಿಯಡ್ಡನ್ನು ಗಣಿತಕ್ಕೆ ಕೊಡುತ್ತೇನೆ ಎಂದುಬಿಟ್ಟರು.

ಮೊದಲ ವಾರ ಚೆನ್ನಾಗಿಯೇ ನಡೆಯಿತು. ಗಾಡಿಯೇ ಇಲ್ಲದ ಜನ ಬೆಟ್ಟದ ಮೇಲೆ ರಸ್ತೆ ಮಾಡಿದರು ಎಂದಾಗ ಹುಡುಗರು ಕಣ್ಣರಳಿಸಿದರು. ಸತ್ತ ರಾಜನ ಮುಂದೆ ಊಟ ಇಡುತ್ತಿದ್ದರು ಎಂದಾಗ, ನಾವೂ ಅಜ್ಜನಿಗೆ ಎಡೆ ಇಡ್ತೀವಿ, ಆಮೇಲೆ ಉಣ್ಣೋರು ಮಾತ್ರ ನಾವೇ ಎಂದು ಹಿಂದಿನ ಬೆಂಚಿನಿಂದ ಉತ್ತರ ಬಂತು. ಎರಡನೆಯ ವಾರ ರಾಗಿ ಹೊಲದಲ್ಲಿ ಕಳೆ ಎದ್ದಿತು. ತರಗತಿ ಅರ್ಧಕ್ಕರ್ಧ ಖಾಲಿ. ಹುಡುಗರೆಲ್ಲ ಕಳೆ ಕೀಳಲು ಹೋಗಿದ್ದರು.

ಸೀದಾ ಪಕ್ಕದ ಹಳ್ಳಿ ಸಾಸಲಿನ ಮುನಿಯಪ್ಪನವರ ಮನೆಗೆ ಹೋದೆ. ಅವರ ಮಗ ಬಂದರೆ ಉಳಿದವರೂ ಬರುತ್ತಿದ್ದರು. ಹುಡುಗ ಪಕ್ಕದವರ ಹೊಲಕ್ಕೆ ಮುಯ್ಯಾಳಾಗಿ ಹೋಗಿದ್ದಾನೆ, ಇವತ್ತು ನಾವು ಹೋಗದಿದ್ದರೆ ನಾಳೆ ನಮ್ಮ ಹೊಲಕ್ಕೆ ಯಾರು ಬರುತ್ತಾರೆ ಎಂದರು. ನನಗೋ ಆನಂದ ಉಕ್ಕಿತು. ಇಂಕಾ ಜನರಲ್ಲೂ ಇದೇ ಪದ್ಧತಿ ಎಂದು ಅಲ್ಲೇ ಜಗುಲಿಯ ಮೇಲೆ ಅರ್ಧ ಗಂಟೆ ಪಾಠ ಮಾಡಿದೆ. ಮುನಿಯಪ್ಪನವರು ಎಲೆಅಡಿಕೆ ಜಗಿಯುತ್ತ ಪೂರ್ತಿ ಕೇಳಿದರು.

"ಎಲ್ಲಾ ತಿಳ್ಕೊಂಡಿದ್ದೀರಿ ಮೇಷ್ಟ್ರೇ. ಹಂಗಾದ್ರೆ ನನ್ ಮಗ ಇಸ್ಕೂಲಿಗೆ ಬರ್ತಾನೆ, ಅವನ ಬದ್ಲು ನೀವು ಹೊಲಕ್ಕೆ ಬನ್ನಿ."

ಬೇರೆ ಯಾರಾದರೂ ನಕ್ಕು ಎದ್ದು ಬರುತ್ತಿದ್ದರು. ನಾನು ಭಾನುವಾರ ಬೆಳಿಗ್ಗೆ ಪಂಚೆ ಎತ್ತಿ ಕಟ್ಟಿ ಮುನಿಯಪ್ಪನವರ ಹೊಲಕ್ಕಿಳಿದೆ. ಪಕ್ಕದ ಸಾಲಿನ ಹೆಂಗಸರು ಮುಸಿಮುಸಿ ನಕ್ಕರು. ನಗಲಿ, ಇವರಿಗಿಂತ ಮೊದಲು ಮುಗಿಸುತ್ತೇನೆ ಎಂದು ತಲೆ ಎತ್ತದೆ ಕಿತ್ತೆ. ಸೊಂಟ ಬಿದ್ದುಹೋಯಿತು, ಆದರೂ ಮಧ್ಯಾಹ್ನದ ಹೊತ್ತಿಗೆ ಎರಡು ಸಾಲು ಮುಗಿಸಿದ್ದೆ. ಮುನಿಯಪ್ಪನವರು ಬಂದು ನೋಡಿ, ಬದುವಿನ ಮೇಲೆ ಕುಸಿದು ಕೂತರು. ಎಳೆಯದರಲ್ಲಿ ರಾಗಿಯೂ ಕಾಡುರಾಗಿಯೂ ಒಂದೇ ಥರ ಕಾಣುತ್ತವೆ. ನಾನು ರಾಗಿಯನ್ನು ಬೇರುಸಮೇತ ಕಿತ್ತು, ಕಾಡುರಾಗಿಯನ್ನು ಜೋಪಾನವಾಗಿ ಉಳಿಸಿದ್ದೆ. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಅವರು ಬೈಯಲಿಲ್ಲ. "ನಾಳೆಯಿಂದ ಹುಡುಗ ದಿನಾ ಬರ್ತಾನೆ ಸ್ವಾಮಿ," ಎಂದು ಕೈಮುಗಿದರು. "ನೀವು ಮಾತ್ರ ಇನ್ನೊಂದ್ಸಲ ಬರ್ಬೇಡಿ."

ಸುದ್ದಿ ಸುತ್ತಲ ಹಳ್ಳಿಗಳಿಗೆಲ್ಲ ಮುಟ್ಟಿತು. ಆಮೇಲೆ ಯಾವ ಹುಡುಗ ತಪ್ಪಿಸಿಕೊಂಡರೂ ನಾನು ಬೆತ್ತ ಮುಟ್ಟಲಿಲ್ಲ. ಅವನ ಬದಲು ಮೇಷ್ಟ್ರೇ ಕಳೆ ಕೀಳಲು ಬರುತ್ತಾರೆ ಎಂದು ಹೇಳಿ ಕಳಿಸುತ್ತಿದ್ದೆ, ಅಷ್ಟೆ. ಮಾರನೆಯ ದಿನ ಗಂಟೆ ಹೊಡೆಯುವ ಮೊದಲೇ ಅಪ್ಪಂದಿರು ಮಕ್ಕಳನ್ನು ಕೈಹಿಡಿದು ತಂದು ಬಿಡುತ್ತಿದ್ದರು. ಇಂಕಾ ಪಾಠ ಒಂದು ದಿನವೂ ನಿಲ್ಲದೆ ಪೂರ್ತಿಯಾಯಿತು. ರೈತರಿಗೂ ಚರಿತ್ರೆಯ ರುಚಿ ಹತ್ತಿಸಿಬಿಟ್ಟಿರಲ್ಲ ಎಂದು ಮುಖ್ಯೋಪಾಧ್ಯಾಯರು ಎಲ್ಲರೆದುರು ಹೊಗಳಿದರು. ನಾನು ತಲೆ ತಗ್ಗಿಸಿ ನಿಂತೆ. ಅವರು ಅದನ್ನು ವಿನಯ ಎಂದುಕೊಂಡರು.