ಬೀಗರಿಲ್ಲದ ದಾರಿ

ನಮ್ಮ ಕಾಕಾನಷ್ಟು ದೂರ ನಡೆದವರು ಅಫಜಲಪುರದಲ್ಲಿ ಇನ್ನೊಬ್ಬರಿರಲಿಲ್ಲ; ನಡೆದದ್ದೆಲ್ಲ ಪಡಸಾಲೆಯ ಗೋಡೆಯ ಮೇಲೆ! ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಭೀಮಾ ನದಿಯನ್ನು ಬಿಡಿಸಿ, ಗಾಣಗಾಪುರದಿಂದ ಅದು ಕೃಷ್ಣೆಯನ್ನು ಸೇರುವವರೆಗೆ ದಂಡೆ ಹಿಡಿದು ಒಬ್ಬನೇ ನಡೆಯುವುದಾಗಿ ಆರು ವರ್ಷ ಯೋಜನೆ ಹಾಕಿದ.

ಅಡ್ಡಿಯೆಂದರೆ ಬೀಗರು. ದಂಡೆಯ ಊರೂರಿಗೂ ನಮ್ಮ ನಂಟಸ್ತನ. ಹೊಸ್ತಿಲು ತುಳಿದವನನ್ನು ಎರಡು ದಿನ ಹೋಳಿಗೆ ಉಣಿಸದೆ ಬಿಡುವವರೇ? ಒಮ್ಮೆ ರೂಢಿಗೆಂದು ಗಾಣಗಾಪುರದತ್ತ ನಡೆದಾಗ, ಎರಡನೇ ಮೈಲಿಗೇ ಬೀಗರೊಬ್ಬರು ಸಿಕ್ಕು, ಸೈಕಲ್ಲಿನ ಕ್ಯಾರಿಯರಿನಲ್ಲಿ ಕೂಡಿಸಿಕೊಂಡು ಮನೆಗೆ ತಂದುಬಿಟ್ಟರು. ಅಂದಿನಿಂದ ಬೀಗರಿದ್ದ ಊರಿಗೆಲ್ಲ ಕೆಂಪು ಪೆನ್ಸಿಲಿನ ಸುತ್ತು ಹಾಕಿ, ಅವನ್ನು ತಪ್ಪಿಸಿ ಜಾಲಿಕಂಟಿ, ಕೊರಕಲುಗಳ ನಡುವೆ ಗೆರೆ ಎಳೆಯತೊಡಗಿದ.

ಕಾಕಿ ರೊಟ್ಟಿ ಬಡಿಯುತ್ತಲೇ, "ಆ ಹಳ್ಳಿಗೂ ನಮ್ಮ ಚಿಕ್ಕವ್ವನ ಮಗಳನ್ನ ಕೊಟ್ಟೇವಲ್ರಿ" ಎನ್ನುವಳು. ಮತ್ತೆ ರಬ್ಬರು, ಮತ್ತೆ ಗೆರೆ. ದಾರಿಗೆಂದು ಮಾಡಿದ ಕಟಕ ರೊಟ್ಟಿ, ಶೇಂಗಾ ಹಿಂಡಿಯನ್ನು ಪ್ರತಿ ಸಲವೂ ಮನೆಮಂದಿಯೇ ತಿಂದು ಮುಗಿಸುತ್ತಿದ್ದೆವು.

ಕೊನೆಗೆ ಜೇವರ್ಗಿಯ ಈಚೆಗೊಂದು ಜಾಗ ಸಿಕ್ಕಿತು. ಊರಿಲ್ಲ, ಹೊಲವಿಲ್ಲ, ಬೀಗರಂತೂ ಇಲ್ಲವೇ ಇಲ್ಲ. "ಇಲ್ಲಿ ಯಾರೂ ಇಲ್ಲ" ಎಂದು ದಪ್ಪ ಅಕ್ಷರದಲ್ಲಿ ಬರೆದು ಮೀಸೆ ತಿರುವಿದ.

ಆ ಬೇಸಿಗೆಯಲ್ಲೇ ಸಂತೆಯಲ್ಲಿ ತಲೆ ತಿರುಗಿ ಬಿದ್ದಿದ್ದ. "ಒಬ್ಬರೇ ಎಲ್ಲೂ ಹೋಗಬ್ಯಾಡ್ರಿ" ಎಂದು ಡಾಕ್ಟರು ಹೇಳಿದ್ದರು. ಕೇಳಬೇಕಲ್ಲ! ಚಳಿ ಬಿದ್ದದ್ದೇ ಹೊರಟುಬಿಟ್ಟ.

ಕಾಕಿಗೆ ಓದು ಬರದು. ಮರುದಿನ ನನ್ನನ್ನು ಕ್ಯಾಲೆಂಡರಿನ ಮುಂದೆ ನಿಲ್ಲಿಸಿದಳು.

"ಇಲ್ಲೇನು ದಪ್ಪಗ ಬರದಾರ?"

"ಇಲ್ಲಿ ಯಾರೂ ಇಲ್ಲ ಅಂತ ಅದ, ಕಾಕಿ."

"ಅಲ್ಲಿಗೆ ಯಾವಾಗ ಮುಟ್ತಾರ?"

"ಮೂರನೇ ದಿನ ಮಧ್ಯಾಹ್ನ ಅಂತ ಬರದಾರ."

ಮೂರನೇ ದಿನ ನಸುಕಿನಲ್ಲಿ ನಾವಿಬ್ಬರೂ ಜೇವರ್ಗಿ ಬಸ್ಸು ಹತ್ತಿದೆವು. ನಡುದಾರಿಯಲ್ಲಿಳಿದು, ಕಾಕಾನ ಗೆರೆಯ ಗುರುತು ಹಿಡಿದು ನದಿಯತ್ತ ಎರಡು ತಾಸು ನಡೆದೆವು. ಮೊಣಕಾಲು ನೋವಿನ ಕಾಕಿ ಒಮ್ಮೆಯೂ ಕೂಡಲಿಲ್ಲ. ಬೇವಿನ ಗಿಡದ ಕೆಳಗೆ ಕಾದೆವು. ಹೊತ್ತು ನೆತ್ತಿ ದಾಟಿತು. ನನಗೋ ಭಯ.

ಆಗ ಕೊರಕಲಿನಿಂದ ಬಿಳಿ ಟೊಪ್ಪಿಗೆಯೊಂದು ಮೇಲೆದ್ದಿತು. ಅಬ್ಬಾ! ಹೋದ ಜೀವ ಬಂದಂತಾಯಿತು. ಕಾಕಾ ತನ್ನೆರಡು ಕಾಲ ಮೇಲೆ ನಡೆದುಬರುತ್ತಿದ್ದ.

"ನೀ ಇಲ್ಲಿ ಹ್ಯಾಂಗ?" ಎಂದ.

ಕಾಕಿ ರೊಟ್ಟಿಯ ಗಂಟು ಬಿಚ್ಚುತ್ತ, "ಯಾರೂ ಇಲ್ಲ ಅಂತ ಬರದಿದ್ರಿ. ಅದಕ್ಕ ನಾ ಬಂದೆ" ಎಂದಳು.

ಕಾಕಾ ಮುಂದಿನ ದಾರಿಯ ಮಾತೆತ್ತಲಿಲ್ಲ. ಅವಳ ಹಿಮ್ಮಡಿಯ ಮುಳ್ಳು ತೆಗೆದು, ಕೈಹಿಡಿದು ಬಸ್ಸಿನವರೆಗೆ ನಡೆಸಿಕೊಂಡು ಬಂದ. ಮನೆ ಮುಟ್ಟಿದವನೇ ಆ ದಪ್ಪ ಅಕ್ಷರಗಳನ್ನು ಅಳಿಸಿ, ಆ ಜಾಗಕ್ಕೂ ಒಂದು ಕೆಂಪು ಸುತ್ತು ಹಾಕಿದ.